86 ಪರೀಕ್ಷೆಯಲ್ಲಿ ಯಾರೂ ಬಾಯಿ ತೆರೆಸಿ ನೋಡಲಿಲ್ಲ

ಪ್ರಶ್ನೆ: ನನಗೆ 48 ವರ್ಷ. ಶಿರಸಿ ಹತ್ತಿರ ಅಡಿಕೆ ತೋಟ ಇದೆ. ಎತ್ತರ 168 ಸೆಂಟಿಮೀಟರ್, ತೂಕ 82 ಕೆಜಿ. ಅಪ್ಪ 54ಕ್ಕೆ ಹಾರ್ಟ್ ಅಟ್ಯಾಕ್ ಆಗಿ ಹೋದರು. ಆ ಹೆದರಿಕೆ ಮನಸ್ಸಿನಲ್ಲಿ ಇದ್ದೇ ಇದೆ. ಜನವರಿಯಲ್ಲಿ ಬೆಂಗಳೂರಿನಲ್ಲಿರುವ ಅಕ್ಕನ ಮಗ 86 ಪರೀಕ್ಷೆಗಳ ಫುಲ್ ಬಾಡಿ ಪ್ಯಾಕೇಜ್ ಬುಕ್ ಮಾಡಿಸಿದ. ಬೆಳಗ್ಗೆ ಬರಬೇಕಿದ್ದ ಹುಡುಗ ಮಧ್ಯಾಹ್ನ ಎರಡಕ್ಕೆ ಬಂದು ರಕ್ತ ತೆಗೆದುಕೊಂಡು ಹೋದ. ಅಷ್ಟರವರೆಗೆ ಒಂದು ಲೋಟ ಕಷಾಯ ಬಿಟ್ಟು ಏನೂ ತಿಂದಿರಲಿಲ್ಲ. ಅದಕ್ಕೆ ಹತ್ತು ದಿನ ಮೊದಲು ಜ್ವರ ಬಂದು ಹೋಗಿತ್ತು. ರಿಪೋರ್ಟ್‌ನಲ್ಲಿ 13 ಕಡೆ ಕೆಂಪಕ್ಷರ. ಬಯಾಲಾಜಿಕಲ್ ಏಜ್ 57 ಅಂತ ಬಂದಿದೆ. ಕ್ಯಾನ್ಸರ್ ಮಾರ್ಕರ್ ನಾರ್ಮಲ್. ಆಮೇಲೆ ವಿಡಿಯೋ ಕಾಲ್‌ನಲ್ಲಿ ಒಬ್ಬರು ಮಾತಾಡಿ, ಗ್ರೋತ್ ಹಾರ್ಮೋನ್ ಮತ್ತು ಟೆಸ್ಟೋಸ್ಟಿರಾನ್ ಕಡಿಮೆ ಇದೆ, ಸಿಜೆಸಿ-1295 ಮತ್ತು ಇಪಾಮೊರೆಲಿನ್ ಇಂಜೆಕ್ಷನ್ ತಗೊಳ್ಳಿ, ಮೊಣಕಾಲು ನೋವಿಗೆ ಬಿಪಿಸಿ-157 ಅಂದರು. ತಿಂಗಳಿಗೆ 32 ಸಾವಿರ. ಮೊದಲ ತಿಂಗಳಿನ ದುಡ್ಡು ಕೊಟ್ಟಾಗಿದೆ, ಐಸ್ ಕರಗಿ ನೀರಾಗಿದ್ದ ಪೆಟ್ಟಿಗೆಯಲ್ಲಿ ಬಾಟಲಿ ಬಂದು ಫ್ರಿಜ್‌ನಲ್ಲಿವೆ. ಹೆಂಡತಿ ಬೇಡ ಅಂತಾಳೆ. ಅಂದಹಾಗೆ ಇತ್ತೀಚೆಗೆ ಖಾರ ತಿಂದರೆ ಬಾಯಿ ಉರಿಯುತ್ತದೆ, ಅದು ವಿಟಮಿನ್ ಕೊರತೆ ಇರಬೇಕು. ಕವಳ (ಎಲೆ-ಅಡಿಕೆ) ಬಿಟ್ಟರೆ ಬೇರೆ ಚಟ ಇಲ್ಲ. ಇಂಜೆಕ್ಷನ್ ಶುರು ಮಾಡಲಾ?

ಉತ್ತರ: ಇನ್ನೂ ಚುಚ್ಚಿಕೊಂಡಿಲ್ಲ ತಾನೇ? ಹಾಗೇ ಇರಲಿ. ಬಾಟಲಿಗಳ ಕತೆಗೆ ಆಮೇಲೆ ಬರುತ್ತೇನೆ.

ನಿಮ್ಮ ಹನ್ನೊಂದು ಪುಟದ ರಿಪೋರ್ಟನ್ನು ಎರಡು ಸಲ ಓದಿದೆ, ಪತ್ರವನ್ನು ಮೂರು ಸಲ. ಕೆಲಸಕ್ಕೆ ಬರುವ ಮಾಹಿತಿ ಜಾಸ್ತಿ ಇದ್ದಿದ್ದು ಪತ್ರದಲ್ಲೇ. ನೀವು ಕೇಳಿದ್ದು ಇಂಜೆಕ್ಷನ್ ಬಗ್ಗೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು 54 ಅನ್ನುವ ಸಂಖ್ಯೆ. ಆ ವಯಸ್ಸಿಗೆ ನಿಮಗೆ ಇನ್ನು ಆರು ವರ್ಷ ಇದೆ. ಆ ಹೆದರಿಕೆಯಲ್ಲಿ ತಪ್ಪಿಲ್ಲ. ತಂದೆಗೆ 55ರ ಒಳಗೆ ಹೃದಯಾಘಾತ ಆಗಿದ್ದರೆ ಮಗನಿಗೆ ಅಪಾಯ ಜಾಸ್ತಿ ಅನ್ನುವುದು ನಿಜ. ಹಾಗಾಗಿ ನೀವು ಪರೀಕ್ಷೆ ಮಾಡಿಸಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ತಕರಾರು ಇರುವುದು ಆ ರಿಪೋರ್ಟನ್ನು ಓದಿದ ರೀತಿಯ ಬಗ್ಗೆ.

ಮೊದಲು ಆ ಕೆಂಪಕ್ಷರಗಳ ವಿಷಯ. ಲ್ಯಾಬ್‌ನವರು ನಾರ್ಮಲ್ ಮಿತಿ ಅಂತ ಬರೆಯುತ್ತಾರಲ್ಲ, ಅದನ್ನು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ: ಆರೋಗ್ಯವಾಗಿರುವ ಒಂದಷ್ಟು ಜನರ ರಕ್ತ ತೆಗೆದು, ನೂರರಲ್ಲಿ 95 ಜನ ಯಾವ ಮಿತಿಯೊಳಗೆ ಬರುತ್ತಾರೋ ಅದನ್ನು ನಾರ್ಮಲ್ ಅನ್ನುತ್ತಾರೆ. ಉಳಿದ ಐದು ಜನರೂ ಆರೋಗ್ಯವಂತರೇ, ಆದರೂ ಅವರಿಗೆ ಕೆಂಪಕ್ಷರ ಬೀಳುತ್ತದೆ. ಒಂದೇ ಪರೀಕ್ಷೆ ಮಾಡಿಸಿದರೆ ಇದು ದೊಡ್ಡ ವಿಷಯವಲ್ಲ. 86 ಮಾಡಿಸಿದರೆ? ಯಾವ ಕಾಯಿಲೆಯೂ ಇಲ್ಲದವರಿಗೂ ಸರಾಸರಿ ನಾಲ್ಕು ಕೆಂಪು ಬರುತ್ತದೆ. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, 86ರಲ್ಲಿ ಒಂದೂ ಕೆಂಪಿಲ್ಲದೆ ಪಾಸಾಗುವವರು ನೂರಕ್ಕೆ ಒಬ್ಬರು. ಅಂದರೆ ಪ್ಯಾಕೇಜ್ ದೊಡ್ಡದಾದಷ್ಟೂ ಆಮೇಲೆ ಫೋನ್ ಮಾಡಲು ಒಂದು ನೆಪ ಸಿಗುವುದು ಗ್ಯಾರಂಟಿ.

ದೊಡ್ಡ ಊರಿನಲ್ಲಿ ಒಂದು ಸುಳ್ಳು ಕೆಂಪಕ್ಷರಕ್ಕೆ ಅರ್ಧ ದಿನ ಹೋಗಬಹುದು. ನಮ್ಮ ಜಿಲ್ಲೆಯಲ್ಲಿ ಹಾಗಲ್ಲ. ಸ್ವಲ್ಪ ದೊಡ್ಡ ತಪಾಸಣೆ ಅಂದರೆ ಮಣಿಪಾಲ, ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. ಗಾಡಿ ಬಾಡಿಗೆ, ಜೊತೆಗೊಬ್ಬರು, ಎರಡು ದಿನದ ಕೆಲಸ ಹಾಳು, ಮನೆಯವರಿಗೆಲ್ಲ ನಿದ್ದೆ ಇಲ್ಲ. ಅದಕ್ಕೇ ನಾನು ರೋಗಿಗೆ ಯಾವ ಪರೀಕ್ಷೆ ಬರೆದುಕೊಡುವ ಮೊದಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದು ಹೆಚ್ಚು ಬಂದರೆ ಏನು ಮಾಡುತ್ತೇನೆ, ಕಡಿಮೆ ಬಂದರೆ ಏನು ಮಾಡುತ್ತೇನೆ? ಎರಡಕ್ಕೂ ಒಂದೇ ಉತ್ತರ ಆದರೆ ಆ ಪರೀಕ್ಷೆ ಬರೆದುಕೊಡುವುದಿಲ್ಲ.

ನನಗೇ ಆಗಿದ್ದು ಒಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಪ್ಯಾಕೇಜನ್ನು ಕುತೂಹಲಕ್ಕೆ ಮಾಡಿಸಿದ್ದೆ. ರಾತ್ರಿ ಒಂಬತ್ತಕ್ಕೆ ಮೊಬೈಲ್‌ಗೆ ಮೆಸೇಜು: ಪೊಟ್ಯಾಸಿಯಂ 6.3, ಅಪಾಯ. ಆ ಸಂಖ್ಯೆ ನಿಜವಾದರೆ ಹೃದಯ ನಿಂತೇ ಹೋಗಬಹುದು. ನಾನು ಆಗ ಕುಮಟಾದ ನಮ್ಮ ಮನೆಯಲ್ಲಿ ಎರಡನೇ ದೋಸೆ ತಿನ್ನುತ್ತಿದ್ದೆ. ಕ್ಲಿನಿಕ್ಕಿಗೆ ಹೋಗಿ ನನ್ನ ಇಸಿಜಿ ನಾನೇ ತೆಗೆದುಕೊಂಡೆ, ಸರಿಯಿತ್ತು. ಮರುದಿನ ಇಲ್ಲೇ ರಕ್ತ ಕೊಟ್ಟೆ, 4.2. ಏನಾಗಿತ್ತು ಅಂದರೆ, ರಕ್ತದ ಟ್ಯೂಬು ಯಂತ್ರದಲ್ಲಿ ತಿರುಗಿಸದೆ ಹಾಗೇ ಡಬ್ಬಿಯಲ್ಲಿ ಕೂತು ಘಟ್ಟ ಹತ್ತಿ ದೂರದ ಲ್ಯಾಬಿಗೆ ಹೋಗಿತ್ತು. ರಕ್ತಕಣದ ಒಳಗಿನ ಪೊಟ್ಯಾಸಿಯಂ ದಾರಿಯಲ್ಲಿ ಹೊರಗೆ ಸೋರಿತ್ತು. ನಾನು ಡಾಕ್ಟರ್ ಆಗಿದ್ದಕ್ಕೆ ಇಸಿಜಿ ತೆಗೆದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಆ ರಾತ್ರಿ ಆಂಬುಲೆನ್ಸಿನಲ್ಲಿ ಮಂಗಳೂರು ದಾರಿ ಹಿಡಿಯುತ್ತಿದ್ದರು.

ನಿಮ್ಮ ಸಕ್ಕರೆಗೂ ಹೀಗೇ ಆಗಿರಬಹುದು. ರಿಪೋರ್ಟ್‌ನಲ್ಲಿ ಖಾಲಿ ಹೊಟ್ಟೆ ಸಕ್ಕರೆ 109 ಅಂತ ಇದೆ. ಆದರೆ ಹಾಲು, ಬೆಲ್ಲ ಹಾಕಿದ ಕಷಾಯ ಕುಡಿದಾಗಿತ್ತು, ಅದು ಸಕ್ಕರೆ ಏರಿಸುತ್ತದೆ. ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬೇ ಬೇಕು. ಬೇರೆ ಟ್ಯೂಬಿನಲ್ಲಿ ಹಾಗೇ ಇಟ್ಟರೆ ರಕ್ತಕಣಗಳೇ ಸಕ್ಕರೆ ತಿನ್ನುತ್ತವೆ, ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಒಂದು ತಪ್ಪು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. ಮಧ್ಯದಲ್ಲಿರುವ 109ಕ್ಕೆ ಏನರ್ಥ ಅಂತ ದೇವರೇ ಹೇಳಬೇಕು.

ಟೆಸ್ಟೋಸ್ಟಿರಾನ್ 290, ಕೆಂಪು. ಈ ಹಾರ್ಮೋನು ಬೆಳಗ್ಗೆ ಜಾಸ್ತಿ, ಮಧ್ಯಾಹ್ನಕ್ಕೆ ಇಳಿಯುತ್ತದೆ. ಜ್ವರ ಬಂದು ಹೋದ ಮೇಲೆ ಇನ್ನೂ ಇಳಿಯುತ್ತದೆ. ಬೆಳಗ್ಗೆ ಏಳರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ನೋಡಿ ಎರಡೂ ಸಲ ಕಡಿಮೆ ಇದ್ದರೆ ಮಾತ್ರ ಅದು ಮಾತಾಡುವ ವಿಷಯ. ಮಧ್ಯಾಹ್ನ ಎರಡಕ್ಕೆ, ಜ್ವರದಿಂದ ಎದ್ದು ಹತ್ತು ದಿನಕ್ಕೆ ತೆಗೆದ ಒಂದು ಸಂಖ್ಯೆಯ ಮೇಲೆ ಔಷಧಿ ಬರೆಯುವುದು ಸರಿಯಲ್ಲ.

ಇನ್ನು ನಿಮ್ಮನ್ನು ಜಾಸ್ತಿ ಹೆದರಿಸಿರುವ ಆ 57. ಬಯಾಲಾಜಿಕಲ್ ಏಜ್ ಅನ್ನುವುದರಲ್ಲಿ ಹಲವು ಬಗೆ ಇವೆ. ರಕ್ತಪರೀಕ್ಷೆಯಿಂದ ಲೆಕ್ಕ ಹಾಕುವುದರಲ್ಲಿ ಹೆಚ್ಚು ಬಳಕೆಯಲ್ಲಿರುವುದು 2018ರಲ್ಲಿ ಬಂದ ಫೀನೋಏಜ್ ಅನ್ನುವ ಸೂತ್ರ. ಅದಕ್ಕೆ ಬೇಕಾಗುವುದು ನಿಮ್ಮ ವಯಸ್ಸು ಮತ್ತು ಒಂಬತ್ತು ಸಾದಾ ಪರೀಕ್ಷೆ: ಅಲ್ಬುಮಿನ್, ಕ್ರಿಯಾಟಿನಿನ್, ಸಕ್ಕರೆ, ಸಿಆರ್‌ಪಿ, ಬಿಳಿ ರಕ್ತಕಣದ ಸಂಖ್ಯೆ, ಅದರಲ್ಲಿ ಲಿಂಫೋಸೈಟ್ ಪಾಲು, ಕೆಂಪು ಕಣದ ಗಾತ್ರ, ಆ ಗಾತ್ರದ ಏರುಪೇರು, ಆಲ್ಕಲೈನ್ ಫಾಸ್ಫಟೇಸ್. ಇದರಲ್ಲಿ ಸಿಆರ್‌ಪಿ ಅಂದರೆ ಉರಿಯೂತದ ಗುರುತು. ಜ್ವರ ಬಂದಾಗ ಏರುತ್ತದೆ. ನಿಮ್ಮದು 9. ಬಿಳಿ ಕಣ, ಲಿಂಫೋಸೈಟ್, ಸಕ್ಕರೆ, ಅಲ್ಬುಮಿನ್ ಎಲ್ಲವೂ ಜ್ವರಕ್ಕೆ ಅಲುಗಾಡುವಂಥವೇ. ಬಿ12 ಕಡಿಮೆಯಾದರೆ ಕೆಂಪು ಕಣದ ಗಾತ್ರ ಹೆಚ್ಚುತ್ತದೆ. ನಿಮ್ಮ ಬಿ12 ಕಡಿಮೆಯೇ ಇದೆ. ಅಂದರೆ ಜನವರಿಯ ಜ್ವರವೂ ಬಿ12 ಕೊರತೆಯೂ ಸೇರಿ ನಿಮ್ಮ ವಯಸ್ಸಿಗೆ ಒಂದಷ್ಟು ವರ್ಷ ಸೇರಿಸಿರಬಹುದು. ಸಾವಿರಾರು ಜನರ ಗುಂಪನ್ನು ಅಧ್ಯಯನ ಮಾಡುವವರಿಗೆ ಈ ಸೂತ್ರ ಒಳ್ಳೆಯ ಸಾಧನ. ಒಬ್ಬ ಮನುಷ್ಯನ ಒಂದು ದಿನದ ರಕ್ತದ ಮೇಲೆ ಭವಿಷ್ಯ ಹೇಳಲು ಅಲ್ಲ.

ಒಂದು ಮಾತು ಇಲ್ಲೇ ಕೇಳಿಬಿಡುತ್ತೇನೆ. ಜನವರಿಯಲ್ಲಿ, ಶಿರಸಿ ಕಡೆ, ತೋಟ-ಬೆಟ್ಟ ಓಡಾಡುವವರಿಗೆ ಜ್ವರ ಅಂದರೆ ಯಾರಾದರೂ ಮಂಗನ ಕಾಯಿಲೆಗೆ ನೋಡಿದ್ದರಾ? ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಈಗ ವಾಸಿಯಾಗಿದೆ, ಸರಿ. ಮುಂದಿನ ಸಲ ಸುಮ್ನೆ ಪ್ಯಾರಸಿಟಮಾಲ್ ನುಂಗಿ ಕೂರಬೇಡಿ.

ಹಾಗಾದರೆ ರಿಪೋರ್ಟ್ ಪೂರ್ತಿ ಕಸವಾ? ಅಲ್ಲ. ಅದರಲ್ಲಿ ನಿಜವಾದ ಸುದ್ದಿಯೂ ಇದೆ. ಬೇಸರ ಏನೆಂದರೆ ವಿಡಿಯೋ ಕಾಲ್‌ನವರು ಅದರ ಬಗ್ಗೆ ಮಾತೇ ಆಡಿಲ್ಲ.

ಎಚ್‌ಬಿಎ1ಸಿ 6.1. ಮೂರು ತಿಂಗಳ ಸಕ್ಕರೆಯ ಸರಾಸರಿ ಇದು, ಕಷಾಯಕ್ಕೆ ಅಲುಗುವುದಿಲ್ಲ. 5.7ರಿಂದ 6.4ರವರೆಗೆ ಡಯಾಬಿಟಿಸ್‌ನ ಹೊಸ್ತಿಲು. ಬಿ12 ಅಥವಾ ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಇದು ಸುಳ್ಳಾಗಿ ಸ್ವಲ್ಪ ಜಾಸ್ತಿ ತೋರಿಸಬಹುದು. ಅದಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಒಂದು ಬೇಕು. ಟ್ರೈಗ್ಲಿಸರೈಡ್ 214, ಒಳ್ಳೆಯ ಕೊಲೆಸ್ಟ್ರಾಲ್ 37, ಕೆಟ್ಟದ್ದು 142. ಲಿವರ್ ಎನ್‌ಜೈಮ್ ಆದ ಎಸ್‌ಜಿಪಿಟಿ 62. ಇವೆಲ್ಲ ಒಂದೇ ಮನೆಯ ಮಕ್ಕಳು. ಹೊಟ್ಟೆಯ ಸುತ್ತ ಕೊಬ್ಬು ಸೇರಿ ಇನ್ಸುಲಿನ್‌ಗೆ ದೇಹ ಮಣಿಯದೆ ಹೋದಾಗ ಬರುವ ಚಿತ್ರ ಇದು. ಲಿವರ್‌ನಲ್ಲೂ ಕೊಬ್ಬು ಇರಬಹುದು. ವಯಸ್ಸು, ಎರಡು ಲಿವರ್ ಎನ್‌ಜೈಮ್, ಪ್ಲೇಟ್‌ಲೆಟ್ ಇಟ್ಟುಕೊಂಡು ಹಾಕುವ ಫಿಬ್-4 ಅನ್ನುವ ಲೆಕ್ಕ ಇದೆ. ನಿಮ್ಮ ಸಂಖ್ಯೆ ಹಾಕಿ ನೋಡಿದೆ, 1.14 ಬಂತು. 1.3ರ ಕೆಳಗಿದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಕ್ಯಾಲ್ಕುಲೇಟರ್ ಸಾಕು.

ಬಿ12 ಇರುವುದು 180, ಹೋಮೊಸಿಸ್ಟೀನ್ 24. ಎರಡು ಕೆಂಪಕ್ಷರ, ಕಾರಣ ಒಂದೇ. ಬಿ12 ಕಡಿಮೆ ಆದರೆ ಹೋಮೊಸಿಸ್ಟೀನ್ ಏರುತ್ತದೆ. ತಲೆತಲಾಂತರದಿಂದ ಶಾಕಾಹಾರ, ಜೊತೆಗೆ ಈಗ ಮನೆಯಲ್ಲಿ ದನ ಇಲ್ಲ, ಹಾಲು-ಮಜ್ಜಿಗೆ ಕಡಿಮೆ. ನಮ್ಮ ಕಡೆ ಇದು ದಿನಾ ನೋಡುವಂಥದ್ದು. ಮಾತ್ರೆಯಿಂದಲೇ ಸರಿಹೋಗುತ್ತದೆ, ಕೆಲವರಿಗೆ ಶುರುವಿನಲ್ಲಿ ಇಂಜೆಕ್ಷನ್ ಬೇಕಾಗುತ್ತದೆ.

ಆ 86ರಲ್ಲಿ ಏನಿಲ್ಲ ಅಂತಲೂ ನೋಡಿದೆ. ಬಿಪಿ ಇಲ್ಲ. ಹೊಟ್ಟೆಯ ಸುತ್ತಳತೆ ಇಲ್ಲ. ಲೈಪೋಪ್ರೋಟೀನ್-ಎ ಇಲ್ಲ. ಈ ಕೊನೆಯದು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಬಗೆಯ ಕಣ, ಹುಟ್ಟಿನಿಂದ ಬರುವಂಥದ್ದು, ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು, 50 ಮಿಲಿಗ್ರಾಂ ದಾಟಿದರೆ ಹೃದಯಕ್ಕೆ ಅಪಾಯ ಜಾಸ್ತಿ. 54ಕ್ಕೆ ತಂದೆಯನ್ನು ಕಳೆದುಕೊಂಡವರಿಗೆ ಮೊದಲು ಮಾಡಬೇಕಾದ ಪರೀಕ್ಷೆಗಳಲ್ಲಿ ಒಂದು. 86 ಮಾಡಿದವರು ಅದೊಂದನ್ನು ಬಿಟ್ಟರು ನೋಡಿ.

ಈಗ ಪೆಪ್ಟೈಡ್, ಅಂದರೆ ನಿಮಗೆ ಹೇಳಿದ ಆ ಇಂಜೆಕ್ಷನ್‌ಗಳು. ಇದೇನೋ ಹೊಸ ಮಾಯೆ ಅಂತ ಅಂದುಕೊಳ್ಳುವುದು ಬೇಡ, ವಿಷ ಅಂತಲೂ ಬೇಡ. ಪ್ರೋಟೀನಿನ ಮಣಿಗಳಾದ ಅಮೈನೋ ಆಸಿಡ್‌ಗಳನ್ನು ಪೋಣಿಸಿದ ಚಿಕ್ಕ ಸರ, ಅಷ್ಟೇ. ಇನ್ಸುಲಿನ್ ಪೆಪ್ಟೈಡೇ, 51 ಮಣಿಯದ್ದು, 1922ರಿಂದ ಜನರ ಜೀವ ಉಳಿಸುತ್ತಿದೆ. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಿಸುವ ಆಕ್ಸಿಟೋಸಿನ್ ಒಂಬತ್ತು ಮಣಿಯದ್ದು. ಮೂಳೆ ಸವೆದ ಅಜ್ಜಿಯರಿಗೆ ನಾನೇ ಬರೆಯುವ ಟೆರಿಪರಟೈಡ್ 34 ಮಣಿಯದ್ದು. ಹಾಗಾಗಿ ಪೆಪ್ಟೈಡ್ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳುವುದು, ಮಾತ್ರೆ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದ ಹಾಗೆ. ಯಾವ ಪೆಪ್ಟೈಡ್, ಯಾರಿಗೆ, ಯಾರು ತಯಾರಿಸಿದ್ದು, ಮನುಷ್ಯರ ಮೇಲೆ ನೋಡಿದ್ದಾರಾ ಅಂತ ಕೇಳಬೇಕು.

ನಿಮಗೆ ಹೇಳಿದ ಸಿಜೆಸಿ-1295 ಮತ್ತು ಇಪಾಮೊರೆಲಿನ್ ಎರಡೂ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ಕೆಣಕಿ ಗ್ರೋತ್ ಹಾರ್ಮೋನ್ ಹೆಚ್ಚು ಬಿಡಿಸುವಂಥವು. ಈ ಆಸೆ ಶುರುವಾಗಿದ್ದು 1990ರ ಒಂದು ಅಮೆರಿಕನ್ ಅಧ್ಯಯನದಿಂದ. 60 ದಾಟಿದ 12 ಗಂಡಸರಿಗೆ ಆರು ತಿಂಗಳು ಗ್ರೋತ್ ಹಾರ್ಮೋನ್ ಕೊಟ್ಟರು. ಕೊಬ್ಬಿಲ್ಲದ ಮೈತೂಕ ಶೇ. 8.8 ಏರಿತು, ಕೊಬ್ಬು ಶೇ. 14.4 ಇಳಿಯಿತು. ಬರೀ 12 ಜನ. ಅವರು ಹೆಚ್ಚು ದಿನ ಬದುಕಿದರಾ ಅಂತ ಆ ಅಧ್ಯಯನ ನೋಡಿಯೇ ಇಲ್ಲ. ಆದರೆ ಮುದಿತನಕ್ಕೆ ಮದ್ದು ಸಿಕ್ಕಿತು ಅಂತ ವ್ಯಾಪಾರ ಹೊರಟೇಬಿಟ್ಟಿತು.

ವಿಚಿತ್ರ ಏನು ಗೊತ್ತಾ? ಪ್ರಾಣಿಗಳಲ್ಲಿ ಕಂಡದ್ದು ಇದರ ಉಲ್ಟಾ. ಗ್ರೋತ್ ಹಾರ್ಮೋನ್ ಇಲ್ಲದೆ ಹುಟ್ಟುವ ಕುಳ್ಳ ಇಲಿಗಳ ಒಂದು ತಳಿ ಇದೆ. ಅವು ಬೇರೆ ಇಲಿಗಳಿಗಿಂತ ಸುಮಾರು ಒಂದೂವರೆ ಪಟ್ಟು ಬದುಕುತ್ತವೆ. ಈಕ್ವೆಡಾರ್ ದೇಶದಲ್ಲಿ ಹುಟ್ಟಿನಿಂದಲೇ ಈ ಹಾರ್ಮೋನು ಮೈಗೆ ತಾಗದ ಕುಳ್ಳ ಜನರ ಗುಂಪು ಇದೆ. ಅವರಲ್ಲಿ ಡಯಾಬಿಟಿಸ್, ಕ್ಯಾನ್ಸರ್ ತೀರಾ ಅಪರೂಪ. ಅವರ ಆಯಸ್ಸು ಹೆಚ್ಚಿದೆ ಅಂತ ಕಂಡಿಲ್ಲ, ಹಾಗಾಗಿ ಇದನ್ನೂ ಎಳೆದು ದೊಡ್ಡದು ಮಾಡುವುದಿಲ್ಲ. ಆದರೂ ಆಯಸ್ಸು ಬೇಕು ಅಂತ ಇದೇ ಹಾರ್ಮೋನನ್ನು ಏರಿಸಿಕೊಳ್ಳಲು ತಿಂಗಳಿಗೆ 32 ಸಾವಿರ ಕೊಡುವುದು ತಮಾಷೆಯಲ್ವಾ?

ನಿಮ್ಮ ವಿಷಯದಲ್ಲಿ ಇನ್ನೂ ಒಂದು ಗಟ್ಟಿ ಕಾರಣ ಇದೆ. ಗ್ರೋತ್ ಹಾರ್ಮೋನ್ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ, ಸಕ್ಕರೆ ಏರಿಸುತ್ತದೆ. ಎಚ್‌ಬಿಎ1ಸಿ 6.1 ಇರುವವರನ್ನು ಹೊಸ್ತಿಲಿನಿಂದ ಒಳಗೆ ತಳ್ಳಲು ಅಷ್ಟು ಸಾಕು. ಮೈಯಲ್ಲಿ ನೀರು ನಿಲ್ಲುವುದು, ಕೀಲು ನೋವು, ಕೈ ಜೋಮು ಹಿಡಿಯುವುದು ಬೇರೆ. ಗ್ರೋತ್ ಹಾರ್ಮೋನ್ ಕಡಿಮೆ ಅಂದರಲ್ಲ, ಆಧಾರ ಏನು? ಗ್ರೋತ್ ಹಾರ್ಮೋನ್ ಎಷ್ಟಿದೆ ಅಂತ ಅಂದಾಜು ಕೊಡುವ ಐಜಿಎಫ್-1 ನಿಮ್ಮದು 110. ಅದೇ ಪುಟದಲ್ಲಿ ನಿಮ್ಮ ವಯಸ್ಸಿನವರ ಮಿತಿ ಕೊಟ್ಟಿದ್ದಾರೆ, ನೀವು ಅದರೊಳಗೇ ಇದ್ದೀರಿ. ಇದು ವಯಸ್ಸಿನ ಜೊತೆ ಎಲ್ಲರಿಗೂ ಇಳಿಯುವಂಥದ್ದು. 25ರ ಹುಡುಗನ ಮಿತಿ ಇಟ್ಟುಕೊಂಡು ನೋಡಿದರೆ 48ರವರು ಎಲ್ಲರೂ ರೋಗಿಗಳೇ. ನಿಮ್ಮ ರಿಪೋರ್ಟನ್ನು ನೆಟ್ಟಗೆ ಓದಿದರೆ ಅದೇ ಹೇಳುತ್ತದೆ, ಈ ಇಂಜೆಕ್ಷನ್ ಬೇಡ ಅಂತ.

ಬಿಪಿಸಿ-157 ಬಗ್ಗೆ ಹೇಳುವುದು ಕಡಿಮೆ. 15 ಮಣಿಯ ಸರ, ಹೊಟ್ಟೆಯ ರಸದಲ್ಲಿರುವ ಪ್ರೋಟೀನಿನ ತುಂಡು ಅನ್ನುತ್ತಾರೆ. ಇಲಿಗಳಲ್ಲಿ ಸ್ನಾಯು, ನರದ ಗಾಯ ಬೇಗ ಮಾಯ್ದಿದೆ. ಮನುಷ್ಯರಲ್ಲಿ ಸರಿಯಾದ ದೊಡ್ಡ ಪ್ರಯೋಗ ಆಗಿಲ್ಲ. ಅಮೆರಿಕದ ಔಷಧಿ ಇಲಾಖೆ ಅನುಮತಿ ಕೊಟ್ಟಿಲ್ಲ, ಕ್ರೀಡಾಪಟುಗಳಿಗೆ 2022ರಿಂದ ನಿಷೇಧ. ಇಲಿಯ ಗಾಯ ಬೇಗ ಮಾಯುವುದಕ್ಕೆ ಒಂದು ಕಾರಣ, ಅದು ಹೊಸ ರಕ್ತನಾಳ ಬೆಳೆಸುತ್ತದೆ ಅನ್ನುವುದು. ಒಳ್ಳೆಯದೇ ಅನ್ನಿಸುತ್ತದೆ. ಆದರೆ ಹೊಸ ರಕ್ತನಾಳ ಗಾಯಕ್ಕಷ್ಟೇ ಬೇಕಾಗುವುದಲ್ಲ, ಗಡ್ಡೆಗೂ ಬೇಕು. ಮೈಯಲ್ಲಿ ಎಲ್ಲಾದರೂ ಚಿಗುರುವ ಕ್ಯಾನ್ಸರ್ ಇದ್ದರೆ ಅದಕ್ಕೆ ನೀರು-ಗೊಬ್ಬರ ಹಾಕಿದ ಹಾಗೆ ಆಗಬಹುದು ಅನ್ನುವ ಅನುಮಾನ ಇದೆ. ಸಾಬೀತಾಗಿಲ್ಲ, ಇಲ್ಲ ಅಂತಲೂ ಆಗಿಲ್ಲ.

ಈ ಅನುಮಾನದಿಂದಲೇ ನಿಮ್ಮ ಪತ್ರದ ಕೊನೆಯ ಎರಡು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಖಾರ ತಿಂದರೆ ಬಾಯಿ ಉರಿಯುತ್ತದೆ. ಕವಳ ಬಿಟ್ಟರೆ ಬೇರೆ ಚಟ ಇಲ್ಲ.

ಈಗಲೇ ಒಂದು ಕೆಲಸ ಮಾಡಿ. ಕನ್ನಡಿ ಮುಂದೆ ನಿಂತು ಬಾಯಿ ಎಷ್ಟಾಗುತ್ತದೋ ಅಷ್ಟು ತೆರೆಯಿರಿ. ನಿಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲಿನ ನಡುವೆ ತೂರಿಸಿ. ಮೂರೂ ಹೋಗಬೇಕು. ಎರಡೇ ಹೋದರೆ ಕೆನ್ನೆಯ ಒಳಪದರ ಗಟ್ಟಿಯಾಗುತ್ತಿದೆ ಅಂತ ಅನುಮಾನ ಪಡಬೇಕು. ಟಾರ್ಚ್ ಹಾಕಿ ಕೆನ್ನೆಯ ಒಳಗೆ, ನಾಲಿಗೆಯ ಅಡಿ ಮತ್ತು ಪಕ್ಕ ನೋಡಿ. ಬೆಳ್ಳಗೆ ಅಥವಾ ಕೆಂಪಗೆ ಮಚ್ಚೆ, ಎರಡು ವಾರ ದಾಟಿದ ಹುಣ್ಣು ಇದೆಯಾ? ಒಳಗೆ ಬೆರಳಾಡಿಸಿದರೆ ತಂತಿಯ ಹಾಗೆ ಪಟ್ಟಿ ಸಿಗುತ್ತದಾ?

ಖಾರಕ್ಕೆ ಉರಿ ಬಿ12 ಕೊರತೆಯಿಂದಲೂ ಬರುತ್ತದೆ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಅಡಿಕೆ ಜಗಿಯುವವರಲ್ಲಿ ಅದು ಕೆನ್ನೆಯ ಒಳಪದರ ಗಟ್ಟಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುವ ತೊಂದರೆಯ ಮೊದಲ ಲಕ್ಷಣವೂ ಹೌದು. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಶಿರಸಿಯಲ್ಲಿ ನಿಂತು ಈ ಮಾತು ಹೇಳಿದರೆ ಏನಾಗುತ್ತದೆ ಅಂತ ಗೊತ್ತು. ನಮ್ಮ ಮನೆಯದೂ ಅಡಿಕೆ ತೋಟವೇ, ನನ್ನ ಓದಿನ ಫೀಸು ಕೊಟ್ಟಿದ್ದೂ ಅದೇ. ಅಜ್ಜ ಜಗುಲಿಯಲ್ಲಿ ಕವಳದ ಬಟ್ಟಲು ಎಳೆದುಕೊಂಡರೆ ಎದುರಿಗೆ ಕೂತು ಅಡಿಕೆ ಕತ್ತರಿಸಿ ಕೊಟ್ಟವನು ನಾನು. ಆದರೂ ಬಾಯಿ ನೋಡುವಾಗ ನಾನು ಡಾಕ್ಟರ್.

ಕ್ಯಾನ್ಸರ್ ಮಾರ್ಕರ್ ನಾರ್ಮಲ್ ಇದೆ ಅಂತ ಧೈರ್ಯ ತಂದುಕೊಳ್ಳಬೇಡಿ. ನಿಮಗೆ ಮಾಡಿರುವ ಸಿಇಎ ಪರೀಕ್ಷೆ, ಕ್ಯಾನ್ಸರ್ ಇದೆ ಅಂತ ಮೊದಲೇ ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ನಡೆಯುತ್ತಿದೆ ಅಂತ ನೋಡಲು ಇರುವಂಥದ್ದು. ಬಾಯಿ ಕ್ಯಾನ್ಸರನ್ನು ಶುರುವಿನಲ್ಲಿ ಹಿಡಿಯುವುದು ಕಣ್ಣು ಮತ್ತು ಬೆರಳು. ಈ ವಾರವೇ ಹತ್ತಿರದ ದಂತವೈದ್ಯರಿಗೆ ಅಥವಾ ಕಿವಿ-ಮೂಗು-ಗಂಟಲು ಡಾಕ್ಟರಿಗೆ ಬಾಯಿ ತೋರಿಸಿ. ಏನೂ ಇಲ್ಲದೆ ಇರುವ ಸಾಧ್ಯತೆಯೂ ಚೆನ್ನಾಗಿಯೇ ಇದೆ. ಆದರೆ ಅದು ಗೊತ್ತಾಗುವ ಮೊದಲು ಏನನ್ನಾದರೂ ಬೆಳೆಸುವ ಔಷಧಿ ಮೈಗೆ ಹೋಗಬಾರದು. ಕವಳ ಇವತ್ತಿನಿಂದ ಬಿಡಿ. ಆ ಗಟ್ಟಿತನ ಶುರುವಾಗಿದ್ದರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಬಿಟ್ಟರೆ ಮುಂದೆ ಹೋಗುವ ವೇಗ ತಗ್ಗುತ್ತದೆ.

ಹಾಗಾದರೆ ನಿಮ್ಮ ಮುಂದೆ ಏನು ದಾರಿ ಇದೆ? ಆರು ವಾರ ಬಿಡಿ, ಜ್ವರದ ನೆರಳು ಪೂರ್ತಿ ಹೋಗಲಿ. ಆಮೇಲೆ ಬೆಳಗ್ಗೆ, ನಿಜವಾದ ಖಾಲಿ ಹೊಟ್ಟೆಯಲ್ಲಿ, ಹತ್ತಿರದ ಲ್ಯಾಬಿಗೇ ಹೋಗಿ ರಕ್ತ ಕೊಡಿ. ಹಿಂದಿನ ಎರಡು ದಿನ ಅಡಿಕೆ ಕೊನೆ ಹೊರುವ, ಗೊಬ್ಬರ ಎತ್ತುವ ಕೆಲಸ ಬೇಡ. ಮೈ ಮುರಿದು ದುಡಿದರೆ ಸ್ನಾಯುವಿನಿಂದಲೇ ಎಸ್‌ಜಿಒಟಿ ಅನ್ನುವ ಎನ್‌ಜೈಮ್ ಏರಿ ಲಿವರಿನ ಹೆಸರಿಗೆ ಬರುತ್ತದೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಮೂರು ದಿನ ಮೊದಲೇ ನಿಲ್ಲಿಸಿ, ಅದು ಥೈರಾಯ್ಡ್ ಪರೀಕ್ಷೆಯನ್ನು ತಲೆಕೆಳಗು ಮಾಡುತ್ತದೆ. ಗ್ಲೂಕೋಸ್ ಕುಡಿದು ಮಾಡುವ ಸಕ್ಕರೆ ಪರೀಕ್ಷೆ, ಲಿಪಿಡ್, ಲೈಪೋಪ್ರೋಟೀನ್-ಎ, ಲಿವರ್, ಕ್ರಿಯಾಟಿನಿನ್, ರಕ್ತಕಣದ ಲೆಕ್ಕ, ಮೂತ್ರದಲ್ಲಿ ಅಲ್ಬುಮಿನ್. ಇಷ್ಟೇ ಸಾಕು. ಮನೆಯಲ್ಲಿ ಒಂದು ವಾರ ಬೆಳಗ್ಗೆ-ಸಂಜೆ ಬಿಪಿ ನೋಡಿ ಬರೆದಿಡಿ. ಹೊಟ್ಟೆಗೆ ಟೇಪು ಸುತ್ತಿ, ಗಂಡಸರಿಗೆ 90 ಸೆಂಟಿಮೀಟರ್ ಒಳಗಿರಬೇಕು. ಎದೆ ಬಿಗಿಯುವುದು, ಏರು ಹತ್ತುವಾಗ ಮೊದಲಿಗಿಂತ ಬೇಗ ಏದುಸಿರು ಬರುವುದು ಇದ್ದರೆ ಮಾತ್ರ ಆರು ವಾರ ಕಾಯಬೇಡಿ, ನಾಳೆಯೇ ತೋರಿಸಿ.

ಕೆಟ್ಟ ಕೊಲೆಸ್ಟ್ರಾಲ್ 142, ತಂದೆಯ ಕತೆ, ಸಕ್ಕರೆಯ ಹೊಸ್ತಿಲು ಮೂರೂ ಇರುವಾಗ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಲೇಬೇಕು. ದಿನಕ್ಕೆ ಕೆಲವೇ ರೂಪಾಯಿ. ಕೆಲವರಿಗೆ ಮೈಕೈ ನೋವು ಬರುತ್ತದೆ, ಸಕ್ಕರೆಯನ್ನು ಚೂರು ಏರಿಸಬಹುದು. ಆದರೂ ಹೃದಯಾಘಾತ ತಪ್ಪಿಸುವುದರಲ್ಲಿ ಅದಕ್ಕಿರುವ ಪುರಾವೆಯ ಹತ್ತಿರ ಮೇಲೆ ಹೇಳಿದ ಯಾವ ಇಂಜೆಕ್ಷನ್ನೂ ಬರುವುದಿಲ್ಲ. 54ರ ಹೆದರಿಕೆಗೆ ನಿಜವಾದ ಔಷಧಿ ಇದು. ಕೇಳಲು ಚಂದ ಇಲ್ಲ, ಅಷ್ಟೇ.

ಸಕ್ಕರೆಗೆ ಊಟ ಮತ್ತು ನಡಿಗೆ. ಇದನ್ನು ಎಲ್ಲರೂ ಹೇಳುತ್ತಾರೆ ಅಂತ ಮೂಗು ಮುರಿಯಬೇಡಿ. 2006ರಲ್ಲಿ ಪ್ರಕಟವಾದ ನಮ್ಮದೇ ದೇಶದ ಅಧ್ಯಯನದಲ್ಲಿ, ಡಯಾಬಿಟಿಸ್ ಹೊಸ್ತಿಲಲ್ಲಿದ್ದವರು ಊಟ-ನಡಿಗೆ ಬದಲಿಸಿಕೊಂಡಾಗ ಮೂರು ವರ್ಷದಲ್ಲಿ ಅಪಾಯ ಶೇ. 28.5 ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆಗೂ ಹೆಚ್ಚುಕಡಿಮೆ ಅಷ್ಟೇ, ಶೇ. 26.4. ಮೆಟ್‌ಫಾರ್ಮಿನ್ ಬಿ12 ಇಳಿಸುತ್ತದೆ, ಹಾಗಾಗಿ ನೀವು ಮೊದಲು ಬಿ12 ಸರಿಮಾಡಿಕೊಂಡೇ ಆ ವಿಷಯಕ್ಕೆ ಹೋಗಬೇಕು. ದೋಸೆಗೆ ಜೋನಿಬೆಲ್ಲ ಸುರಿದುಕೊಳ್ಳುವುದು ಬಿಡಿ, ಟ್ರೈಗ್ಲಿಸರೈಡ್ 214ಕ್ಕೆ ಅದೂ ಒಂದು ಪಾಲುದಾರ. ಅನ್ನ ಒಂದು ಸೌಟು ಕಡಿಮೆ ಮಾಡಿ ಆ ಜಾಗಕ್ಕೆ ಮೊಳಕೆಕಾಳಿನ ಪಲ್ಯ, ಗಟ್ಟಿ ಮೊಸರು. ತಂಬುಳಿ ಧಾರಾಳ ಇರಲಿ.

ಇಷ್ಟಕ್ಕೂ ಪೆಪ್ಟೈಡೇ ಬೇಕು ಅಂತಿದ್ದರೆ, ನಿಮಗೆ ಹೊಂದಬಹುದಾದ ಒಂದು ಬಗೆ ಇದೆ. ವಿಡಿಯೋ ಕಾಲ್‌ನವರು ಅದನ್ನು ಹೇಳಲಿಲ್ಲ. ಸೆಮಾಗ್ಲುಟೈಡ್, ಟಿರ್ಜೆಪಟೈಡ್. ವಾರಕ್ಕೊಂದು ಇಂಜೆಕ್ಷನ್, ನಮ್ಮ ದೇಶದಲ್ಲಿ ಅನುಮತಿ ಇದೆ, ಡಾಕ್ಟರ ಚೀಟಿ ಇದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, 29. ಅದು 27ರ ಮೇಲಿದ್ದು ತೂಕಕ್ಕೆ ಸಂಬಂಧಿಸಿದ ತೊಂದರೆ ಜೊತೆಗಿದ್ದರೆ ಇದನ್ನು ಯೋಚಿಸಬಹುದು. ದೊಡ್ಡ ಪ್ರಯೋಗದಲ್ಲಿ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಸಿತು. ತೂಕ ಜಾಸ್ತಿ ಇದ್ದು ಮೊಣಕಾಲು ಸವೆದವರಲ್ಲಿ ನೋವೂ ಇಳಿಯಿತು ಅಂತ 2024ರಲ್ಲಿ ವರದಿಯಾಗಿದೆ. ಆದರೆ ವಾಕರಿಕೆ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು ಆಗಬಹುದು, ಅಪರೂಪಕ್ಕೆ ಪ್ಯಾಂಕ್ರಿಯಾಸ್ ಊದಿಕೊಳ್ಳಬಹುದು. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಇದು ಬೇಡವೇ ಬೇಡ. ಇಳಿದ ತೂಕದಲ್ಲಿ ಕಾಲು ಭಾಗ ಅಥವಾ ಜಾಸ್ತಿ ಕೊಬ್ಬಲ್ಲದ ತೂಕ, ಅದರಲ್ಲಿ ಸ್ನಾಯುವೂ ಸೇರಿದೆ. ತೋಟದಲ್ಲಿ ದುಡಿಯುವವರು ಪ್ರೋಟೀನ್ ನೋಡಿಕೊಳ್ಳದಿದ್ದರೆ ಕತ್ತಿ ಹಿಡಿದ ಕೈಯೇ ಸೋಲುತ್ತದೆ. ನಿಲ್ಲಿಸಿದರೆ ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂದದ್ದನ್ನೂ ಅದೇ ಪ್ರಯೋಗದವರು ನೋಡಿದ್ದಾರೆ. ಖರ್ಚು ತಿಂಗಳಿಗೆ ಸಾವಿರಗಟ್ಟಲೆ, ಅದೂ ವರ್ಷಗಟ್ಟಲೆ. ನಾನಾಗಿದ್ದರೆ ಮೊದಲು ಮೂರು ತಿಂಗಳು ಊಟ-ನಡಿಗೆ ನೋಡುತ್ತಿದ್ದೆ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯುತ್ತಿದ್ದೆ, ಮೊಣಕಾಲಿಗೆ ಅದೇ ಮೊದಲ ಚಿಕಿತ್ಸೆ. ಆಮೇಲೂ ತೂಕ ಅಲುಗದಿದ್ದರೆ ಇದನ್ನು ಕೈಗೆತ್ತಿಕೊಳ್ಳುತ್ತಿದ್ದೆ.

ಈಗ ಫ್ರಿಜ್‌ನಲ್ಲಿರುವ ಬಾಟಲಿಗಳು. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಉಪ್ಪಿನಕಾಯಿ ಭರಣಿಯ ಪಕ್ಕ ಎರಡು ಸಣ್ಣ ಗಾಜಿನ ಬಾಟಲಿ, ಒಳಗೆ ಬಿಳಿ ಪುಡಿ. ಲೇಬಲಿನ ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರ: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ. ತಯಾರಕರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ. ಮಾರಿದವರೇ ಮನುಷ್ಯರಿಗಲ್ಲ ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಒಳಗಿರುವುದು ಹೇಳಿದ ವಸ್ತುವೇನಾ, ಎಷ್ಟಿದೆ, ಬ್ಯಾಕ್ಟೀರಿಯಾದ ವಿಷ ಸೇರಿದೆಯಾ ಅಂತ ಯಾವ ರಕ್ತಪರೀಕ್ಷೆಯೂ ಹೇಳುವುದಿಲ್ಲ. ಪೆಟ್ಟಿಗೆ ಬಂದಾಗ ಐಸ್ ಕರಗಿ ನೀರಾಗಿತ್ತು ಅಂತ ನೀವೇ ಬರೆದಿದ್ದೀರಿ.

ದುಡ್ಡು ವಾಪಸ್ ಕೇಳಿ, ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ. ಬಾಟಲಿ ಮತ್ತು ಲೇಬಲಿನ ಫೋಟೋ, ದುಡ್ಡು ಕಟ್ಟಿದ ರಸೀದಿ, ಚೀಟಿ ಬರೆದಿದ್ದರೆ ಅದೂ ಇಟ್ಟುಕೊಳ್ಳಿ. ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೂ ದೂರು ಕೊಡಬಹುದು. ಅದು ಇತ್ಯರ್ಥ ಆಗುವವರೆಗೆ ಬಾಟಲಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಟೇಪು ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಡಿ, ಅವೇ ಸಾಕ್ಷಿ. ಜೊತೆಗೆ ಬಂದ ಸೂಜಿಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಎಸೆಯಬೇಡಿ. ನಾಳೆ ಬರಿಗಾಲಲ್ಲಿ ಗೊಬ್ಬರ ತುಳಿಯುವವರು ಯಾರೋ ಇರುತ್ತಾರೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಬಾಯಿ ತೋರಿಸಲು ಹೋಗುತ್ತೀರಲ್ಲ, ಆ ಆಸ್ಪತ್ರೆಯಲ್ಲೇ ಕೇಳಿ ಕೊಟ್ಟು ಬನ್ನಿ.